ಬೆತ್ಲೆಹೇಮಿನ ಹಬ್ಬಕ್ಕೆ ಹಿಮದ ನಾಡಿನ ಮರ ಎಲ್ಲಿಂದ ಬಂತು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಸಮಾಜ ಪಾಠ ಮಾಡುತ್ತೇನೆ. ಮೊನ್ನೆ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಭೂಪಟದಲ್ಲಿ ಬೆತ್ಲೆಹೇಮ್ ಹುಡುಕಿ, "ಮಿಸ್, ಇದು ಮರಳುಗಾಡಿನ ಪಕ್ಕದಲ್ಲೇ ಇದೆ. ಇಲ್ಲಿ ಹುಟ್ಟಿದ ಯೇಸುವಿನ ಕ್ರಿಸ್ಮಸ್ ಹಬ್ಬಕ್ಕೆ ಹಿಮ ಬಿದ್ದ ಮರ ಯಾಕೆ ಇಡ್ತಾರೆ?" ಅಂತ ಕೇಳಿದಳು. ಎಷ್ಟು ಒಳ್ಳೆಯ ಪ್ರಶ್ನೆ! ನನಗೆ ಉತ್ತರ ಗೊತ್ತಿರಲಿಲ್ಲ. ತಿಳಿದುಕೊಂಡು ಹೇಳುತ್ತೇನೆ ಎಂದೆ.

ಮನೆಗೆ ಬಂದು ಒಂದು ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ಯಾರೋ ಉದ್ದದ ಫಾರ್ವರ್ಡ್ ಹಾಕಿದರು. ಅದರ ಸಾರ ಇಷ್ಟು: ಡಿಸೆಂಬರ್ 25 ರೋಮನ್ನರ ಸೂರ್ಯನ ಹಬ್ಬದಿಂದ ಕದ್ದದ್ದು, ಮರ ಹಳೇ ಕಾಲದ ಮರಪೂಜೆಯಿಂದ ಕದ್ದದ್ದು, ಸಾಂಟಾ ಕ್ಲಾಸ್‌ಗೆ ಕೆಂಪು ಅಂಗಿ ತೊಡಿಸಿದ್ದು ಕೋಕಾ ಕೋಲಾ, ಎಕ್ಸ್‌ಮಸ್ ಅಂತ ಬರೆಯುವುದು ಕ್ರಿಸ್ತನ ಹೆಸರನ್ನೇ ಅಳಿಸುವುದಕ್ಕೆ.

ಓದಿದರೆ ಎಲ್ಲ ಸರಿ ಅನ್ನಿಸುತ್ತದೆ. ಆದರೆ ಒಂದಕ್ಕೂ ಇಸವಿ ಇಲ್ಲ, ಊರಿನ ಹೆಸರಿಲ್ಲ. ನನ್ನ ಕ್ಲಾಸಿನಲ್ಲಿ ಮೂರು ಜನ ಕ್ರೈಸ್ತ ಮಕ್ಕಳಿದ್ದಾರೆ. "ನಿಮ್ಮ ಹಬ್ಬ ಕದ್ದ ಮಾಲು" ಅಂತ ಅವರ ಮುಂದೆ ಹೇಳಿಬಿಟ್ಟು, ಆಮೇಲೆ ಅದು ಸುಳ್ಳು ಅಂತ ಗೊತ್ತಾದರೆ ಆ ಮಾತನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ನಿಜ ಇದ್ದರೆ ನಿಜವನ್ನೇ ಹೇಳಬೇಕು, ಅದೂ ಸರಿ. ಗೊತ್ತಿರುವವರು ದಯವಿಟ್ಟು ಹೇಳಿ. ಸ್ವಲ್ಪ ಉದ್ದವಾದರೂ ಪರವಾಗಿಲ್ಲ.

ಹಳೇಪುಸ್ತಕ:

ಮೇಡಂ, ಇಸವಿ ಎಲ್ಲಿ, ಊರು ಎಲ್ಲಿ ಅಂತ ಕೇಳಿದ್ದೀರಲ್ಲ, ಮಕ್ಕಳಿಗೆ ಕಲಿಸಬೇಕಾದದ್ದೂ ಅದನ್ನೇ. ನಾನು ತಾರೀಖಿನ ವಿಷಯ ಮಾತ್ರ ಹೇಳುತ್ತೇನೆ. ಮರದ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ.

ಯೇಸು ಯಾವ ದಿನ ಹುಟ್ಟಿದ ಅಂತ ಬೈಬಲಿನಲ್ಲಿ ಎಲ್ಲೂ ಇಲ್ಲ. ಮೊದಲ ಕಾಲದ ಕ್ರೈಸ್ತರಿಗೆ ದೊಡ್ಡ ಹಬ್ಬ ಈಸ್ಟರ್, ಹುಟ್ಟಿದ ದಿನ ಅಲ್ಲ. ಡಿಸೆಂಬರ್ 25 ಅಂತ ಸ್ಪಷ್ಟವಾಗಿ ಬರೆದಿರುವ ಹಳೆಯ ದಾಖಲೆ ರೋಮ್ ನಗರದ್ದು. 354ರಲ್ಲಿ ಸಿದ್ಧವಾದ ಒಂದು ಪಂಚಾಂಗ ಸಂಗ್ರಹ ಅದು. ಅದರೊಳಗೆ 336ರ ಹೊತ್ತಿನ ಒಂದು ಪಟ್ಟಿ ಇದೆ, ಅದರಲ್ಲಿ ಈ ದಿನ ಕ್ರಿಸ್ತ ಹುಟ್ಟಿದ ಎಂದಿದೆ.

ಈಗ ಸೂರ್ಯನ ಹಬ್ಬದ ಮಾತು. ಅವರೇಲಿಯನ್ ಎಂಬ ಚಕ್ರವರ್ತಿ 274ರಲ್ಲಿ ರೋಮಿನಲ್ಲಿ ಸೋಲಿಲ್ಲದ ಸೂರ್ಯನಿಗೆ ಗುಡಿ ಕಟ್ಟಿಸಿದ್ದು ನಿಜ. ಆದರೆ ಆ ಸೂರ್ಯನ ಹಬ್ಬ ಡಿಸೆಂಬರ್ 25ಕ್ಕೇ ಬರುತ್ತಿತ್ತು ಎನ್ನುವುದಕ್ಕೆ ನಮಗೆ ಸಿಗುವ ಹಳೆಯ ಬರಹ ಯಾವುದು ಗೊತ್ತಾ? ಅದೇ 354ರ ಸಂಗ್ರಹದ ಇನ್ನೊಂದು ಹಾಳೆ! ಎರಡೂ ಒಂದೇ ಕಟ್ಟಿನಲ್ಲಿ ಕೂತಿವೆ. ಹಾಗಿರುವಾಗ ಇವರು ಅವರಿಂದ ತೆಗೆದುಕೊಂಡರು ಅಂತ ಕೋರ್ಟಿನಲ್ಲಿ ಹೇಳಿದ ಹಾಗೆ ಹೇಳಲು ಆಗುವುದಿಲ್ಲ. ಹೌದು ಅನ್ನುವ ವಿದ್ವಾಂಸರೂ ಇದ್ದಾರೆ, ಇಲ್ಲ ಅನ್ನುವವರೂ ಇದ್ದಾರೆ.

ಇಲ್ಲ ಅನ್ನುವವರು ಇನ್ನೊಂದು ಲೆಕ್ಕ ಕೊಡುತ್ತಾರೆ. ಯೇಸು ತಾಯಿಯ ಗರ್ಭ ಸೇರಿದ್ದೂ ಶಿಲುಬೆಗೇರಿದ್ದೂ ಒಂದೇ ತಾರೀಖು, ಮಾರ್ಚ್ 25, ಅಂತ ಆಗಿನ ಕೆಲವು ಕ್ರೈಸ್ತರು ನಂಬಿದ್ದರು. ಅದಕ್ಕೆ ಒಂಬತ್ತು ತಿಂಗಳು ಸೇರಿಸಿ ನೋಡಿ. ಪೂರ್ವದ ಕಡೆ ಮಾರ್ಚ್ 25ರ ಬದಲು ಏಪ್ರಿಲ್ 6 ಹಿಡಿದವರಿಗೆ ಜನವರಿ 6 ಬರುತ್ತದೆ, ಮತ್ತು ಆರ್ಮೇನಿಯಾದ ಚರ್ಚು ಇವತ್ತಿಗೂ ಜನವರಿ 6ಕ್ಕೇ ಹಬ್ಬ ಮಾಡುತ್ತದೆ. ರಷ್ಯಾದವರದು ಜನವರಿ 7, ಆದರೆ ಅದರ ಕಾರಣ ಬೇರೆ. ಅವರ ಚರ್ಚು ಹಳೇ ಜೂಲಿಯನ್ ಪಂಚಾಂಗ ಬಿಟ್ಟಿಲ್ಲ. ಅದು ಈಗ ನಮ್ಮ ಕ್ಯಾಲೆಂಡರಿಗಿಂತ 13 ದಿನ ಹಿಂದೆ ಇದೆ.

ಒಂದು ಮಾತು ಮಕ್ಕಳಿಗೆ ಬೇಗ ಹತ್ತುತ್ತದೆ. ರೋಮನ್ನರ ಪಂಚಾಂಗದಲ್ಲಿ ಡಿಸೆಂಬರ್ 25 ಅಂದರೆ ಅತಿ ಚಿಕ್ಕ ಹಗಲಿನ ದಿನ. ಆಕಾಶದಲ್ಲಿ ಅದು ಆಗಲೇ ಕೆಲವು ದಿನ ಹಿಂದಕ್ಕೆ ಸರಿದಿತ್ತು, ಪಂಚಾಂಗದಲ್ಲಿ ಮಾತ್ರ ಹಳೇ ತಾರೀಖೇ ಉಳಿದಿತ್ತು. ನಾವು ಸಂಕ್ರಾಂತಿಯನ್ನು ಜನವರಿ 14 ಅಥವಾ 15ಕ್ಕೆ ಮಾಡಿ ಉತ್ತರಾಯಣ ಶುರು ಅನ್ನುತ್ತೇವೆ, ಸೂರ್ಯ ನಿಜವಾಗಿ ತಿರುಗುವುದು ಡಿಸೆಂಬರ್ 21–22ರ ಸುಮಾರಿಗೆ. ಅಲ್ಲೂ ಹಾಗೇ ಆಗಿತ್ತು. ಕತ್ತಲೆ ಕಡಿಮೆಯಾಗಲು ಶುರುವಾಗುವ ದಿನವನ್ನು ಯಾವ ಜನವೂ ಸುಮ್ನೆ ಬಿಟ್ಟಿಲ್ಲ.

ಫಾರ್ವರ್ಡಿನಲ್ಲಿ ಸ್ಯಾಟರ್ನೇಲಿಯಾ ಅಂತಲೂ ಬಂದಿರಬಹುದು. ಅದು ಡಿಸೆಂಬರ್ 17ಕ್ಕೆ ಶುರುವಾಗುವ ರೋಮನ್ ಹಬ್ಬ, ಜಾಸ್ತಿ ಅಂದರೆ 23ರವರೆಗೆ ಎಳೆಯುತ್ತಿತ್ತು. ಮೇಣದ ಬತ್ತಿ, ಮಣ್ಣಿನ ಗೊಂಬೆ ಉಡುಗೊರೆ ಕೊಡುತ್ತಿದ್ದರು, ಗುಲಾಮರಿಗೆ ಯಜಮಾನರೇ ಬಡಿಸುವುದೂ ಇತ್ತು. ಮೋಜು, ಉಡುಗೊರೆ ಆ ಕಾಲದ ಜನರಿಗೆ ರೂಢಿಯಲ್ಲಿತ್ತು ಅನ್ನಬಹುದು. 25ರ ತಾರೀಖು ಅದರದ್ದಲ್ಲ.

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. "ಕ್ರಿಸ್ಮಸ್ ರೋಮನ್ನರ ಹಬ್ಬದ ನಕಲು" ಅಂತ ಜೋರಾಗಿ ಹೇಳಿದವರು ಕ್ರೈಸ್ತ ವಿರೋಧಿಗಳಲ್ಲ, ಕಟ್ಟಾ ಕ್ರೈಸ್ತರೇ. ಇಂಗ್ಲೆಂಡಿನ ಪ್ಯೂರಿಟನ್ನರು ಬೈಬಲಿನಲ್ಲಿ ಇಲ್ಲದ ಯಾವ ಹಬ್ಬವೂ ಬೇಡ ಅಂದರು. 1647ರಲ್ಲಿ ಅಲ್ಲಿನ ಪಾರ್ಲಿಮೆಂಟು ಕ್ರಿಸ್ಮಸ್ ಆಚರಣೆಯನ್ನೇ ರದ್ದು ಮಾಡಿತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಹಬ್ಬ ಮಾಡಿದರೆ ಐದು ಶಿಲ್ಲಿಂಗ್ ದಂಡ ಇತ್ತು. ಬಾಸ್ಟನ್ನಿನ ಪಾದ್ರಿ ಇನ್‌ಕ್ರೀಸ್ ಮ್ಯಾಥರ್ 1687ರಲ್ಲಿ ಈ ಸ್ಯಾಟರ್ನೇಲಿಯಾ ವಾದವನ್ನೇ ಬರೆದಿದ್ದಾರೆ. ಸ್ಕಾಟ್ಲೆಂಡಿನಲ್ಲಿ ಡಿಸೆಂಬರ್ 25ಕ್ಕೆ ಸಾರ್ವಜನಿಕ ರಜೆ ಸಿಕ್ಕಿದ್ದು 1958ರಲ್ಲಿ! ಅಂದರೆ ನಿಮಗೆ ಬಂದ ಫಾರ್ವರ್ಡಿನ ವಾದಕ್ಕೆ ಮುನ್ನೂರು ವರ್ಷ ದಾಟಿದೆ, ಮತ್ತು ಅದು ಹುಟ್ಟಿದ್ದು ಚರ್ಚಿನ ಒಳಗಿನ ಜಗಳದಲ್ಲಿ.

ನೆಕ್ಕಾರ್ ದಂಡೆ ಕನ್ನಡತಿ:

ಅಕ್ಕ, ನಿಮ್ಮ ವಿದ್ಯಾರ್ಥಿನಿಗೆ ನನ್ನದೊಂದು ಶಹಬ್ಬಾಸ್ ಹೇಳಿ. ನಾನು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಇದ್ದೇನೆ, ಇದು ಒಂಬತ್ತನೇ ಚಳಿಗಾಲ. ಅವಳ ಪ್ರಶ್ನೆಗೆ ನೇರ ಉತ್ತರ: ಮರ ಬಂದದ್ದು ಬೆತ್ಲೆಹೇಮಿನಿಂದ ಅಲ್ಲ, ಇಲ್ಲಿಂದ. ಬೆಟ್ಟದ ಊರಾದ್ದರಿಂದ ಬೆತ್ಲೆಹೇಮಿನಲ್ಲೂ ಅಪರೂಪಕ್ಕೆ ಹಿಮ ಬೀಳುತ್ತದೆ, ಅದನ್ನೂ ಅವಳಿಗೆ ಹೇಳಿ. ಆದರೆ ಫರ್ ಮರದ ಕಾಡು ಇಲ್ಲಿಯದು.

ಇಲ್ಲಿ ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ಎಲೆ ಉದುರಿ ಎಲ್ಲ ಮರ ಬೋಳಾಗಿರುತ್ತವೆ, ಹಸಿರಾಗಿ ಉಳಿಯುವುದು ಈ ಒಂದು ಜಾತಿ. ಮೊದಲ ವರ್ಷ ನಾನು ಆ ಹಸಿರನ್ನು ನೋಡಿ ಅತ್ತಿದ್ದೆ, ಊರಿನ ಅಡಿಕೆ ತೋಟ ನೆನಪಾಗಿ. ಯಾಕೆ ಈ ಜನ ಆ ಮರವನ್ನೇ ಮನೆಯೊಳಗೆ ತರುತ್ತಾರೆ ಅನ್ನುವುದು ಆಗ ಯಾರೂ ಹೇಳದೇ ಅರ್ಥವಾಯಿತು.

ದಾಖಲೆ ಬೇಕು ಅಂದಿರಲ್ಲ, ಇಲ್ಲಿದೆ. ರೈನ್ ನದಿಯ ಆಚೆಗಿನ ಸ್ಟ್ರಾಸ್‌ಬರ್ಗ್, ಈಗ ಫ್ರಾನ್ಸಿನಲ್ಲಿದೆ, ಆಗ ಜರ್ಮನ್ ಮಾತಾಡುವ ಊರು. 1605ರ ಒಂದು ಬರಹದಲ್ಲಿ, ಅಲ್ಲಿನವರು ಕ್ರಿಸ್ಮಸ್ಸಿಗೆ ಮನೆಯ ಕೋಣೆಯಲ್ಲಿ ಫರ್ ಮರ ನಿಲ್ಲಿಸಿ ಬಣ್ಣದ ಕಾಗದದ ಗುಲಾಬಿ, ಸೇಬು, ತೆಳ್ಳನೆ ಬಿಲ್ಲೆ, ಸಕ್ಕರೆ ಮಿಠಾಯಿ ಕಟ್ಟುತ್ತಾರೆ ಎಂದಿದೆ. ಸೇಬು ಯಾಕೆ ಅಂದರೆ, ಹಳೇ ಪಂಚಾಂಗದಲ್ಲಿ ಡಿಸೆಂಬರ್ 24 ಆದಾಮ ಮತ್ತು ಹವ್ವಳ ದಿನ. ಅವರ ಕಥೆಯನ್ನು ನಾಟಕ ಆಡುತ್ತಿದ್ದರು. ನಾಟಕಕ್ಕೆ ಹಣ್ಣಿನ ಮರ ಬೇಕು, ಚಳಿಗಾಲದಲ್ಲಿ ಎಲೆ ಇರುವ ಸೇಬಿನ ಮರ ಎಲ್ಲಿ ಸಿಗುತ್ತದೆ? ಫರ್ ಮರಕ್ಕೇ ಸೇಬು ಕಟ್ಟಿದರು. ಇಲ್ಲಿ ಹೆಚ್ಚಿನವರು ಒಪ್ಪುವ ವಿವರಣೆ ಇದು. ಕೆಂಪು ಗಾಜಿನ ಗುಂಡು ನೋಡಿದಾಗಲೆಲ್ಲ ನನಗೆ ಆ ಸೇಬು ಕಾಣುತ್ತದೆ. ಗಾಜಿನ ಗುಂಡುಗಳನ್ನು ಊದಿ ಮಾಡಿದ್ದು ಥುರಿಂಗಿಯಾದ ಲೌಷಾ ಎಂಬ ಸಣ್ಣ ಊರಿನ ಕಸುಬುದಾರರು, ಮನೆಮನೆಯಲ್ಲಿ ಕೂತು, ಹತ್ತೊಂಬತ್ತನೇ ಶತಮಾನದಲ್ಲಿ.

ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಕಾಡಿನಲ್ಲಿ ನಕ್ಷತ್ರ ನೋಡಿ ಮರಕ್ಕೆ ಮೊದಲು ಮೇಣದ ಬತ್ತಿ ಹಚ್ಚಿದ ಅನ್ನುವ ಕಥೆ ಎಲ್ಲ ಕಡೆ ಸಿಗುತ್ತದೆ. ಅದು ಆಮೇಲೆ ಕಟ್ಟಿದ ಕಥೆ, ಪಾಠದಲ್ಲಿ ಹೇಳಬೇಡಿ.

ಮರ ಜಗತ್ತೆಲ್ಲ ಹಬ್ಬಿದ್ದು ಒಂದು ಚಿತ್ರದಿಂದ. ಇಂಗ್ಲೆಂಡಿನ ರಾಣಿ ಷಾರ್ಲೆಟ್, ಹುಟ್ಟಿನಿಂದ ಜರ್ಮನ್, 1800ರಲ್ಲೇ ವಿಂಡ್ಸರ್‌ನಲ್ಲಿ ಮಕ್ಕಳಿಗಾಗಿ ಮರ ಇಡಿಸಿದ್ದರು. ಜನಸಾಮಾನ್ಯರಿಗೆ ಅದು ಹತ್ತಲಿಲ್ಲ. 1848ರಲ್ಲಿ ಲಂಡನ್ನಿನ ಒಂದು ಸಚಿತ್ರ ಪತ್ರಿಕೆ, ವಿಕ್ಟೋರಿಯಾ ರಾಣಿ, ಜರ್ಮನ್ ಗಂಡ ಆಲ್ಬರ್ಟ್, ಮಕ್ಕಳು ಮರದ ಸುತ್ತ ನಿಂತ ಚಿತ್ರ ಹಾಕಿತು. ಎರಡು ವರ್ಷ ಬಿಟ್ಟು ಅಮೆರಿಕದ ಹೆಂಗಸರ ಪತ್ರಿಕೆಯೊಂದು ಅದೇ ಚಿತ್ರದಿಂದ ರಾಣಿಯ ಕಿರೀಟ, ಆಲ್ಬರ್ಟನ ಮೀಸೆ ಅಳಿಸಿ, ಅಮೆರಿಕದ ಮನೆಯೆಂಬಂತೆ ಅಚ್ಚು ಹಾಕಿತು. ವಿದ್ಯುತ್ ದೀಪ 1882ರಲ್ಲಿ ಬಂತು, ಎಡಿಸನ್ ಜೊತೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಜಾನ್ಸನ್ ನ್ಯೂಯಾರ್ಕಿನ ತನ್ನ ಮನೆಯ ಮರಕ್ಕೆ 80 ಬಲ್ಬ್ ಸುತ್ತಿದ.

ನಿಮ್ಮ ಕ್ಲಾಸಿಗೆ ಹೇಳಲೇಬೇಕಾದ ಕಥೆ ಇನ್ನೊಂದಿದೆ. ಹ್ಯಾಂಬರ್ಗಿನಲ್ಲಿ ಯೋಹಾನ್ ವಿಕರ್ನ್ ಎಂಬ ಪಾದ್ರಿ ದಿಕ್ಕಿಲ್ಲದ ಮಕ್ಕಳನ್ನು ಸಾಕುತ್ತಿದ್ದರು. ಆ ಮಕ್ಕಳು ದಿನಾ "ಹಬ್ಬ ಯಾವಾಗ, ಹಬ್ಬ ಯಾವಾಗ" ಅಂತ ಕೇಳುತ್ತಿದ್ದವು. 1839ರಲ್ಲಿ ಅವರು ಒಂದು ಹಳೇ ಗಾಡಿ ಚಕ್ರ ತಂದು, ದಿನಕ್ಕೊಂದು ಸಣ್ಣ ಕೆಂಪು ಬತ್ತಿ, ಭಾನುವಾರಕ್ಕೊಂದು ದೊಡ್ಡ ಬಿಳಿ ಬತ್ತಿ ಇಟ್ಟರು. ದಿನಾ ಒಂದು ಹಚ್ಚಬೇಕು, ಉಳಿದದ್ದನ್ನು ಎಣಿಸಬೇಕು. ಈಗ ಇಲ್ಲಿ ಮನೆಮನೆಯಲ್ಲಿ ಇಡುವ ನಾಲ್ಕು ಬತ್ತಿಯ ಹಸಿರು ಚಕ್ರದ ಮೂಲ ಅದು.

ಅಶ್ವತ್ಥಕಟ್ಟೆ:

ಎಲ್ಲ ಓದಿದೆ, ಚೆನ್ನಾಗಿದೆ. ಆದರೂ ಒಂದು ಮಾತು ಕೇಳುತ್ತೇನೆ. ಮರ ಇಡುವುದಕ್ಕೆ ತುಂಬಾ ಹಿಂದಿನ ದಾಖಲೆ ಸಿಗುವುದಿಲ್ಲ ಅಂದ ಮಾತ್ರಕ್ಕೆ ಅದು ಇರಲಿಲ್ಲ ಅಂತ ಹೇಳಬಹುದಾ? ಬಡ ರೈತರು ಮಾಡುವುದನ್ನು ಯಾರು ಬರೆದಿಡುತ್ತಾರೆ? ನಮ್ಮೂರಿನ ಕಟ್ಟೆಯ ಅರಳಿ ಮರಕ್ಕೆ ದಾರ ಸುತ್ತುವುದನ್ನು ಯಾರೂ ಶಾಸನದಲ್ಲಿ ಬರೆದಿಲ್ಲ.

ಹಳೇಪುಸ್ತಕ:

ನ್ಯಾಯವಾದ ಪ್ರಶ್ನೆ ಸರ್. ಚಳಿಗಾಲದಲ್ಲಿ ಹಸಿರು ಕೊಂಬೆ ಕಟ್ಟುವುದು ಖಂಡಿತ ಹಳೆಯದು, ರೋಮನ್ನರೂ ಹೊಸ ವರ್ಷದ ಹೊತ್ತಿಗೆ ಕಟ್ಟುತ್ತಿದ್ದರು. ಲಂಡನ್ನಿನಲ್ಲಿ ಮನೆಗೂ ಚರ್ಚಿಗೂ ಹಬ್ಬಕ್ಕೆ ಹಸಿರು ಕಟ್ಟುತ್ತಿದ್ದದ್ದನ್ನು ಜಾನ್ ಸ್ಟೋ 1598ರಲ್ಲಿ ಬರೆದಿದ್ದಾರೆ. ಅಷ್ಟನ್ನು ಒಪ್ಪುತ್ತೇನೆ. ಆದರೆ ಹಸಿರು ಕೊಂಬೆಯೇ ಬೇರೆ, ಇಡೀ ಮರವನ್ನು ಕೋಣೆಯೊಳಗೆ ನಿಲ್ಲಿಸಿ ಸೇಬು ಕಟ್ಟುವುದೇ ಬೇರೆ. ನಾವು ಬಾಗಿಲಿಗೆ ಮಾವಿನ ತೋರಣ ಕಟ್ಟುತ್ತೇವೆ, ಕಟ್ಟೆಯ ಮರಕ್ಕೆ ದಾರವನ್ನೂ ಸುತ್ತುತ್ತೇವೆ. ಎರಡೂ ಹಸಿರೇ, ಆದರೆ ಒಂದರಿಂದ ಇನ್ನೊಂದು ಹುಟ್ಟಿತು ಅಂತ ನಾವು ಹೇಳುವುದಿಲ್ಲ. ಮರಪೂಜೆಯಿಂದ ಈ ಮರದವರೆಗೆ ನಡುವೆ ಒಂದು ಸಾವಿರ ವರ್ಷ ಖಾಲಿ ಇದೆ. ಅದನ್ನು ಊಹೆಯಿಂದ ತುಂಬಬಹುದು, ಆದರೆ ಊಹೆ ಅಂತ ಹೇಳಿಯೇ ತುಂಬಬೇಕು.

ಅಂಚೆಚೀಟಿ:

ನಾನು ಹಳೇ ಕಾರ್ಡು, ಅಂಚೆಚೀಟಿ ಕೂಡಿಡುವವನು. ಆದ್ದರಿಂದ ಸಾಂಟಾ ಮತ್ತು ಕಾರ್ಡಿನ ಬಗ್ಗೆ.

ಸಾಂಟಾ ಮೊದಲು ನಿಕೋಲಸ್ ಎಂಬ ಬಿಷಪ್. ನಾಲ್ಕನೇ ಶತಮಾನ, ಮೈರಾ ಎಂಬ ಊರು, ಈಗಿನ ಟರ್ಕಿಯ ದೆಮ್ರೆ. ಬಡವನೊಬ್ಬನ ಮೂರು ಹೆಣ್ಣುಮಕ್ಕಳ ಮದುವೆಗೆ ವರದಕ್ಷಿಣೆ ಇಲ್ಲ ಅಂತ ಗೊತ್ತಾಗಿ, ರಾತ್ರಿ ಯಾರಿಗೂ ಕಾಣದ ಹಾಗೆ ಅವರ ಮನೆಯೊಳಗೆ ಚಿನ್ನದ ಗಂಟು ಎಸೆದು ಬಂದರು ಅನ್ನುವುದು ಅವರ ಕಥೆ. ಗುಟ್ಟಾಗಿ, ರಾತ್ರಿ ಕೊಡುವುದು ಅಲ್ಲಿಂದಲೇ ಬಂತು. ಅವರ ದಿನ ಡಿಸೆಂಬರ್ 6. ಇಟಲಿಯ ಬಾರಿ ಊರಿನ ನಾವಿಕರು 1087ರಲ್ಲಿ ಅವರ ಅಸ್ಥಿಯನ್ನು ತಮ್ಮ ಊರಿಗೆ ಸಾಗಿಸಿದ ಮೇಲೆ ಯುರೋಪಿನಲ್ಲಿ ಹೆಸರು ಇನ್ನೂ ಹಬ್ಬಿತು. ಡಚ್ಚರ ಬಾಯಲ್ಲಿ ಸಿಂಟರ್‌ಕ್ಲಾಸ್, ನ್ಯೂಯಾರ್ಕಿನಲ್ಲಿ ಅದೇ ಸಾಂಟಾ ಕ್ಲಾಸ್.

ಎಂಟು ಹಿಮಸಾರಂಗ, ಚಿಮಣಿಯಿಂದ ಇಳಿಯುವುದು, ಇವನ್ನೆಲ್ಲ ಗಟ್ಟಿ ಮಾಡಿದ್ದು 1823ರಲ್ಲಿ ಅಮೆರಿಕದ ಟ್ರಾಯ್ ಎಂಬ ಊರಿನ ಪತ್ರಿಕೆಯಲ್ಲಿ ಹೆಸರಿಲ್ಲದೆ ಅಚ್ಚಾದ ಒಂದು ಪದ್ಯ. ದೊಡ್ಡ ಹೊಟ್ಟೆ, ಗಡ್ಡ, ನಗುಮುಖ ಬರೆದದ್ದು ಥಾಮಸ್ ನಾಸ್ಟ್ ಎಂಬ ಚಿತ್ರಕಾರ, 1863ರಿಂದ ಶುರು ಮಾಡಿ ವರ್ಷ ವರ್ಷ. ಕೋಕಾ ಕೋಲಾಕ್ಕಾಗಿ ಹ್ಯಾಡನ್ ಸಂಡ್‌ಬ್ಲೋಮ್ ಚಿತ್ರ ಬರೆದದ್ದು 1931ರಲ್ಲಿ. ಅಷ್ಟು ಹೊತ್ತಿಗೆ ಕೆಂಪು ಅಂಗಿ ಕಾರ್ಡುಗಳಲ್ಲಿ ಹಳೆಯದಾಗಿತ್ತು. ಹಸಿರು, ಕಂದು ಅಂಗಿಯವೂ ಇದ್ದವು. ಜಾಹೀರಾತು ಮಾಡಿದ್ದು ಇಷ್ಟೇ: ಹಲವು ಬಣ್ಣದಲ್ಲಿ ಇದ್ದದ್ದು ಒಂದೇ ಬಣ್ಣಕ್ಕೆ ನಿಂತಿತು.

ಎಕ್ಸ್ ಬಗ್ಗೆ. ಅದು ಇಂಗ್ಲಿಷಿನ ಎಕ್ಸ್ ಅಲ್ಲ, ಗ್ರೀಕಿನ 'ಖೈ' ಅಕ್ಷರ. ಕ್ರಿಸ್ತೋಸ್ ಎಂಬ ಗ್ರೀಕ್ ಹೆಸರಿನ ಮೊದಲ ಅಕ್ಷರ ಅದೇ. ಹಳೆಯ ಇಂಗ್ಲಿಷ್ ಕೈಬರಹಗಳಲ್ಲಿ ಪಾದ್ರಿಗಳೇ ಹಾಗೆ ಬರೆಯುತ್ತಿದ್ದರು. ನಾವು ವಿಳಾಸದಲ್ಲಿ ತಾ., ಜಿ. ಅಂತ ಬರೆಯುತ್ತೇವಲ್ಲ, ಹಾಗೆ.

ಕಾರ್ಡು ಹುಟ್ಟಿದ್ದು ಅಂಚೆಯಿಂದ. 1840ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪೆನ್ನಿಗೆ ದೇಶದ ಯಾವ ಮೂಲೆಗೂ ಕಾಗದ ಹೋಗುವ ಹಾಗಾಯಿತು. ಆ ಕೆಲಸದಲ್ಲಿ ಇದ್ದ ಹೆನ್ರಿ ಕೋಲ್‌ಗೇ ಹಬ್ಬದ ಕಾಗದಗಳ ರಾಶಿ ಬಂತು, ಎಲ್ಲಕ್ಕೂ ಉತ್ತರ ಬರೆಯಲು ಸಮಯ ಇಲ್ಲ. 1843ರಲ್ಲಿ ಚಿತ್ರಕಾರ ಹಾರ್ಸ್ಲಿಯಿಂದ ಚಿತ್ರ ಬರೆಸಿ ಸುಮಾರು ಸಾವಿರ ಕಾರ್ಡು ಅಚ್ಚು ಹಾಕಿಸಿದ, ಬೆಲೆ ಒಂದು ಶಿಲ್ಲಿಂಗ್, ಆಗ ಅದು ದುಬಾರಿ. ಚಿತ್ರದಲ್ಲಿ ಮಗುವಿಗೂ ವೈನ್ ಕುಡಿಸುತ್ತಿದ್ದಾರೆ ಅಂತ ಮದ್ಯ ವಿರೋಧಿಗಳು ಗಲಾಟೆ ಮಾಡಿದರು.

ಕುಡ್ಲದ ಹುಡುಗಿ:

ಮೇಡಂ, ಮರದ ಕಥೆ ಎಲ್ಲ ಆಯಿತು. ನಮ್ಮ ಮನೆಯಲ್ಲಿ ಹಬ್ಬ ಅಂದರೆ ಮರಕ್ಕಿಂತ ಮೊದಲು ಗೋದಲಿ, ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆ ಇಟ್ಟು ತೋರಿಸುವುದು. ಮಂಗಳೂರಿನ ಕೊಂಕಣಿ ಕಥೊಲಿಕರು ನಾವು, ಹಬ್ಬಕ್ಕೆ 'ನತಾಲಾಂ' ಅನ್ನುತ್ತೇವೆ, ಪೋರ್ಚುಗೀಸರ ನತಾಲ್‌ನಿಂದ ಬಂದ ಮಾತು.

ಗೋದಲಿಗೂ ಊರು, ಇಸವಿ ಇದೆ. 1223, ಇಟಲಿಯ ಗ್ರೆಚ್ಚೊ ಎಂಬ ಹಳ್ಳಿ. ಸಂತ ಫ್ರಾನ್ಸಿಸ್ ಅಸ್ಸೀಸಿ ಹಬ್ಬದ ರಾತ್ರಿ ಗುಹೆಯಂಥ ಜಾಗದಲ್ಲಿ ನಿಜವಾದ ಗೋದಲಿ ಇಡಿಸಿ, ಹುಲ್ಲು ಹಾಕಿಸಿ, ಜೀವಂತ ಎತ್ತು, ಕತ್ತೆ ತಂದು ಕಟ್ಟಿಸಿದರು. ಕೂಸು ಎಂಥ ಬಡತನದಲ್ಲಿ, ಎಂಥ ಚಳಿಯಲ್ಲಿ ಮಲಗಿತ್ತು ಅಂತ ಹಳ್ಳಿಯ ಜನ ಕಣ್ಣಾರೆ ನೋಡಲಿ ಅನ್ನುವುದು ಅವರ ಆಸೆ. ಮೊನ್ನೆ 2023ಕ್ಕೆ ಎಂಟುನೂರು ವರ್ಷ ತುಂಬಿತು.

ಎತ್ತು, ಕತ್ತೆ ಹುಟ್ಟಿನ ಕಥೆಯಲ್ಲಿ ಇಲ್ಲ. ಬೈಬಲಿನ ಯೆಶಾಯ ಪುಸ್ತಕದ ಶುರುವಿನಲ್ಲಿ ಎತ್ತು ತನ್ನ ಒಡೆಯನನ್ನೂ ಕತ್ತೆ ತನ್ನ ಗೋದಲಿಯನ್ನೂ ಬಲ್ಲದು ಅಂತ ಒಂದು ಮಾತಿದೆ, ಅಲ್ಲಿಂದ ಬಂದವು. ಮೂರು ರಾಜರು ಅನ್ನುತ್ತೇವಲ್ಲ, ಮತ್ತಾಯನ ಸುವಾರ್ತೆಯಲ್ಲಿ ಅವರು ರಾಜರೂ ಅಲ್ಲ, ಮೂರು ಅಂತಲೂ ಇಲ್ಲ. ಪೂರ್ವದಿಂದ ಬಂದ ಜ್ಞಾನಿಗಳು ಅಷ್ಟೇ. ಕೊಟ್ಟ ಉಡುಗೊರೆ ಮೂರು, ಹಾಗಾಗಿ ಬಂದವರೂ ಮೂರು ಅಂತ ಆಯಿತು. ಇದು ಗೊತ್ತಾದ ಮೇಲೂ ನಾನು ಮೂರು ಗೊಂಬೆಗಳನ್ನೇ ಇಡುತ್ತೇನೆ. ಅಜ್ಜಿ ಇಡುತ್ತಿದ್ದ ಮೂರು ಅವು, ಒಂದರ ಒಂಟೆಗೆ ಕಾಲು ಮುರಿದಿದೆ, ಗೋಡೆಗೆ ಒರಗಿಸಿ ನಿಲ್ಲಿಸಬೇಕು.

ಇನ್ನು ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳು. ಅದರ ತಟ್ಟೆಯನ್ನು ನೋಡಿದರೆ ಹಬ್ಬ ಎಲ್ಲೆಲ್ಲಿ ಸುತ್ತಿ ಬಂತು ಅಂತ ಗೊತ್ತಾಗುತ್ತದೆ. ಒಣದ್ರಾಕ್ಷಿಯ ಕೇಕು ಇಂಗ್ಲಿಷರದು. ನೆವ್ರ್ಯೊ ಅಂದರೆ ನಿಮ್ಮ ಕರ್ಜಿಕಾಯಿಯೇ. ಕಿಡ್ಯೊ ಅಂದರೆ ಕೊಂಕಣಿಯಲ್ಲಿ ಹುಳ, ಹಿಟ್ಟಿನ ಸಣ್ಣ ಉಂಡೆಯನ್ನು ಫೋರ್ಕಿನ ಅಥವಾ ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಮಾಡಿ ಕರಿಯುವುದು. ಗುಳಿಯೊ, ಎಳ್ಳಿನ ಉಂಡೆ, ಚಕ್ಕುಲಿ, ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಕರಿಯುವ ಕೊಕ್ಕಿಸಾಂ. ಹದಿನೈದು ದಿನ ಮೊದಲೇ ಅಕ್ಕಂದಿರು, ಚಿಕ್ಕಮ್ಮಂದಿರು ನೆಲದಲ್ಲಿ ಕೂತು ಮಾಡುತ್ತಾರೆ, ಎಲ್ಲ ಸೇರಿಸಿ ತಟ್ಟೆಯಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಿ, ಅಕ್ಕಪಕ್ಕದ ಎಲ್ಲ ಮನೆಗೂ ಹೋಗುತ್ತದೆ. ತಟ್ಟೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಈ ನೆಲದ ತಿಂಡಿಯೇ. ಇದನ್ನು ಯಾರು ಯಾರಿಂದ ಕದ್ದರು ಅಂತ ಹೇಳಲಿ? ನನ್ನ ಅಜ್ಜಿಗೆ ಕರ್ಜಿಕಾಯಿ ಅವಳ ಅಜ್ಜಿಯಿಂದ ಬಂತು. ಕದ್ದದ್ದು ಅನ್ನುವ ಮಾತು ಕೇಳಿದರೆ ನನಗೆ ನೋವಾಗುತ್ತದೆ.

ತುಂಗಾತೀರ:

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಇವತ್ತು ಪಾಠ ಮಾಡಿದೆ. ಕಪ್ಪು ಹಲಗೆ ಮೇಲೆ ಉದ್ದಕ್ಕೆ ಗೆರೆ ಎಳೆದು 336, 1223, 1605, 1839, 1843, 1931 ಅಂತ ಗುರುತು ಹಾಕಿ, ಒಂದೊಂದಕ್ಕೂ ಭೂಪಟದಲ್ಲಿ ಊರು ಹುಡುಕಿಸಿದೆ. ರೋಮಿನ ತಾರೀಖಿನ ಬಗ್ಗೆ ಎರಡು ಅಭಿಪ್ರಾಯ ಇದೆ ಅಂತಲೇ ಹೇಳಿದೆ. ಪ್ರಶ್ನೆ ಕೇಳಿದ ಹುಡುಗಿ, "ಹಾಗಾದರೆ ಅವರೂ ತಮ್ಮ ಊರಿನ ಮರವನ್ನೇ ಇಟ್ಟರು ಅಲ್ವಾ ಮಿಸ್" ಅಂದಳು.

ಗೋದಲಿ ಅಂತ ಹೇಳಿದಾಗ ಹಿಂದಿನ ಬೆಂಚಿನಿಂದ ಒಬ್ಬ, "ನಮ್ಮ ಕೊಟ್ಟಿಗೇಲೂ ಇದೆ" ಅಂದ. ಕೈ ಎತ್ತಿ ಅಂದೆ. ಹನ್ನೊಂದು ಕೈ ಮೇಲೆ ಬಂದವು. ಯಾವತ್ತೂ ಮಾತಾಡದ ಕ್ರೈಸ್ತ ಹುಡುಗನೊಬ್ಬ ಎದ್ದು ನಿಂತು, ಅವರ ಮನೆಯಲ್ಲಿ ಗೋದಲಿಗೆ ಹುಲ್ಲು ಎಮ್ಮೆಗೆ ತಂದ ಕಟ್ಟಿನಿಂದಲೇ ತೆಗೆದು ಹಾಕುತ್ತಾರೆ ಅಂತ ಹೇಳಿದ. ಈಗ ಮಕ್ಕಳೆಲ್ಲ ಕ್ಲಾಸಿನಲ್ಲೂ ಒಂದು ಮಾಡೋಣ ಅಂತ ಹಟ ಹಿಡಿದಿದ್ದಾರೆ. ಆ ಹುಡುಗ ಸುತ್ತ ಹಸಿರು ಪೈರು ಇರಬೇಕು ಅಂದ. ಕುಡ್ಲದವರೇ, ಅದನ್ನು ಬೆಳೆಸುವುದು ಹೇಗೆ?

ಕುಡ್ಲದ ಹುಡುಗಿ:

ರಾಗಿ ಸಾಕು ಮೇಡಂ, ಭತ್ತವೂ ಆಗುತ್ತದೆ. ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮೊಳಕೆ ಕಂಡ ಮೇಲೆ ಅಗಲ ತಟ್ಟೆಯಲ್ಲಿ ಎರಡು ಬೆರಳು ಮಣ್ಣು ಹಾಕಿ ಒತ್ತೊತ್ತಾಗಿ ಹರಡಿ. ಮೊದಲ ಮೂರು ದಿನ ನೆರಳಲ್ಲಿರಲಿ, ಆಮೇಲೆ ಕಿಟಕಿ ಹತ್ತಿರ ಇಡಿ. ನೀರು ಸುರಿಯಬೇಡಿ, ಕೈಯಲ್ಲಿ ಚಿಮುಕಿಸಿ, ಬೆಳಿಗ್ಗೆ ಒಂದು ಸಲ ಸಂಜೆ ಒಂದು ಸಲ. ಇವತ್ತು ಹನ್ನೊಂದು. ಇವತ್ತೇ ನೆನೆಸಿಟ್ಟರೆ 24ಕ್ಕೆ ಸರಿಯಾಗಿ ಎದ್ದು ನಿಲ್ಲುತ್ತದೆ. ಶನಿವಾರ, ಭಾನುವಾರ ಚಿಮುಕಿಸಲು ಮರೆಯಬೇಡಿ, ಆ ಎರಡು ದಿನ ಯಾರಾದರೂ ಮನೆಗೆ ತೆಗೆದುಕೊಂಡು ಹೋಗಲಿ.